ದೊಡ್ಡವ್ವನ ಆಡು, ಓದುಗರ ಹಾಡು

ಮೊನ್ನೆ ಹೊಳೆನರಸೀಪುರದಿಂದ ಹಾಸನಕ್ಕೆ ಹೋಗುವ ಬಸ್ಸಿನಲ್ಲಿ ಒಬ್ಬ ಹೆಂಗಸು ಆಡಿನ ಮರಿಯೊಂದನ್ನು ಮಡಿಲಲ್ಲಿ ಅವುಚಿಕೊಂಡು ನನ್ನ ಪಕ್ಕ ಬಂದು ಕೂತಳು. ಕಂಡಕ್ಟರ್ ಅದಕ್ಕೂ ಒಂದು ಟಿಕೆಟ್ ಹರಿದು ಕೊಟ್ಟ. ಮುಂದಿನ ಸೀಟಿನ ಕಾಲೇಜು ಹುಡುಗಿಯರು ಮೂಗಿಗೆ ಕರ್ಚೀಫು ಹಿಡಿದು ಕಿಟಕಿ ತೆಗೆದರು. ನನಗೆ ಮಾತ್ರ ಆ ವಾಸನೆ ಬೇಡ ಅನಿಸಲಿಲ್ಲ. ಹಾಲು, ಹಿಕ್ಕೆ, ಅಗಿದ ಸೊಪ್ಪು ಎಲ್ಲ ಸೇರಿದ ಆ ವಾಸನೆ... ನನ್ನ ತೊಡೆಯ ಮೇಲೆ ದಪ್ಪ ರಟ್ಟಿನ ಹೊಸ ಪುಸ್ತಕವೊಂದಿತ್ತು. ಮರಿ ಕತ್ತು ಚಾಚಿ ಅದರ ಮೂಲೆಗೆ ಬಾಯಿ ಹಾಕಿತು.

"ಅಯ್ಯೋ, ಬುಕ್ ತಿಂದ್ಬುಡ್ತು ಕಣಕ್ಕಾ!" ಅಂತ ಹೆಂಗಸು ಅದರ ಕಿವಿ ಹಿಡಿದು ಎಳೆದುಕೊಂಡಳು.

"ತಿನ್ನಲಿ ಬಿಡವ್ವ, ಅದು ಅದರದ್ದೇ ಪುಸ್ತಕ" ಅಂದೆ.

ಅವಳು ನನ್ನ ಮುಖವನ್ನೊಮ್ಮೆ ನೋಡಿ, ಯಾಕೋ ಈ ಹೆಂಗಸಿನ ಸಹವಾಸ ಬೇಡ ಅನ್ನುವ ಹಾಗೆ ಸ್ವಲ್ಪ ಸರಿದು ಕೂತಳು. ನಾನು ತಮಾಷೆಗೆ ಹೇಳಿದ್ದಲ್ಲ. ಆ ಪುಸ್ತಕದ ಬಿಡುಗಡೆಗೇ ಹೋಗುತ್ತಿದ್ದೆ. ಸಭೆಯಲ್ಲಿ "ಓದುಗರ ಅಭಿಪ್ರಾಯ" ಹೇಳಲು ನನ್ನನ್ನೂ ಕರೆದಿದ್ದರು. ಓದುಗರ ಅಭಿಪ್ರಾಯ! ಆ ಎರಡು ಮಾತು ಕೇಳಿದರೇ ನನಗೆ ಮೈ ಉರಿಯುತ್ತದೆ. ಯಾಕೆ ಉರಿಯುತ್ತದೆ ಅಂತ ಹೇಳಬೇಕಾದರೆ ದೊಡ್ಡವ್ವನ ವಿಷಯ ಹೇಳಬೇಕು.

ದೊಡ್ಡವ್ವ ನಮ್ಮ ಪಕ್ಕದ ಮನೆಯವಳು. ರಕ್ತಸಂಬಂಧವೇನಿಲ್ಲ, ಬೀದಿಯವರೆಲ್ಲ ಹಾಗೆ ಕರೆಯುತ್ತಿದ್ದರು, ನಾನೂ ಕರೆದೆ. ಗೊರೂರಿನ ಕಡೆಯ ಹಳ್ಳಿಯಿಂದ ಬಂದು, ಹಿಟ್ಟಿನ ಮಿಲ್ ಇಟ್ಟಿದ್ದ ಮಗನ ಜೊತೆ ಇಲ್ಲಿ ಇದ್ದಳು. ನಾನು ಆಗ ಊರಿನ ಲೈಬ್ರರಿಯಲ್ಲಿ ಪುಸ್ತಕ ಕೊಡುವ, ತೆಗೆದಿಡುವ ಕೆಲಸದಲ್ಲಿದ್ದೆ. ಅವಳಿಗೆ ಚೆನ್ನಾಗಿ ಓದಲು ಬರುತ್ತಿತ್ತು. ಬರೆಯಲು ಮಾತ್ರ ಕೈಬೆರಳಿನ ಗೆಣ್ಣುಗಳು ಊದಿಕೊಂಡು ಪೆನ್ನು ನಿಲ್ಲುತ್ತಿರಲಿಲ್ಲ. ಸಂಜೆ ಮನೆಗೆ ಬರುವಾಗ ನಾನು ಅವಳಿಗೊಂದು ಪುಸ್ತಕ ತರಬೇಕಿತ್ತು, ಹಳೆಯದು ಒಯ್ಯಬೇಕಿತ್ತು. ಒಂದು ದಿನ ಮರೆತರೆ ಮಂಗಳಾರತಿ ಎತ್ತುತ್ತಿದ್ದಳು.

ಒಳ್ಳೆಯ ಸ್ವಭಾವದವಳು ಅಂತ ಹೇಳಿದರೆ ಅವಳೇ ಎದ್ದು ಬಂದು ಬೈದಾಳು. ಬಾಯಿ ಜೋರು, ಜಂಬ ಇನ್ನೂ ಜೋರು. ಯಾರನ್ನೂ ಹೊಗಳಿ ಅಭ್ಯಾಸವಿಲ್ಲ. ಸೊಸೆ ಮಾಡಿದ ಸಾರಿಗೆ ಒಂದು ಮಾತು, ನಾನು ಉಟ್ಟ ಸೀರೆಗೆ ಒಂದು ಮಾತು, ಲೈಬ್ರರಿ ಪುಸ್ತಕಕ್ಕಂತೂ ಮಾತಿಗೆ ಬರವಿಲ್ಲ. ಪುಸ್ತಕ ಅಳೆಯಲು ಅವಳದ್ದೇ ಒಂದು ಪದ್ಧತಿಯಿತ್ತು. ಜಗಲಿಯ ಮೇಲೆ ಮೊರ ಇಟ್ಟುಕೊಂಡು, ಕಾಲ ಯಾವುದಿದ್ದರೆ ಅದು, ಅವರೆಕಾಯಿ ಸುಲಿಯುತ್ತಲೋ ಅಕ್ಕಿ ಆರಿಸುತ್ತಲೋ ಪುಸ್ತಕವನ್ನು ಎದುರಿಗೆ ಒರಗಿಸಿಕೊಂಡು ಓದುವಳು. ಓದುತ್ತ ಓದುತ್ತ ಕೈ ನಿಂತುಹೋದರೆ ಅದು ಪುಸ್ತಕ. ಕೈ ನಿಲ್ಲದಿದ್ದರೆ ಮರುದಿನ ಅದು ನನ್ನ ಚೀಲಕ್ಕೆ. "ಕೈ ನಿಲ್ನಿಲ್ಲ ಕಣ್ ಮಗಾ" ಅಂದುಬಿಟ್ಟರೆ ಅಲ್ಲಿಗೆ ಆ ಕವಿಯ ಕಥೆ ಮುಗಿಯಿತು. ನಮ್ಮ ಜಿಲ್ಲೆಯ ಕವಿಗಳು ಲೈಬ್ರರಿಗೆ ಪುಕ್ಕಟೆ ಕೊಟ್ಟು ಹೋದ ಸಂಕಲನಗಳಲ್ಲಿ ಅವಳ ಕೈ ನಿಲ್ಲಿಸಿದ್ದು ಯಾವುದೂ ನನಗೆ ನೆನಪಿಲ್ಲ. ಮೊರ ಮಾತ್ರ ಬೇಗ ಬೇಗ ತುಂಬುತ್ತಿತ್ತು.

"ಸಾಲಿಗೊಂದ್ ಮಾತು ಇಕ್ಕವ್ನೆ. ಮಿಕ್ಕಿದ್ ಜಾಗ ಯಾರಿಗ್ ಬುಟ್ಟವ್ನೆ, ದಾಯಾದಿಗಾ?" ಅಂತ ಒಬ್ಬ ಕವಿಯನ್ನು ಕೇಳಿದ್ದಳು. ಕವಿ ಅಲ್ಲಿರಲಿಲ್ಲ, ನಾನೇ ಕೇಳಿಸಿಕೊಂಡೆ. ಇನ್ನೊಬ್ಬನ ಸಂಕಲನದ ತುಂಬ ಬೆಳದಿಂಗಳು. ಅದನ್ನು ಎರಡು ಬೆರಳಲ್ಲಿ ಹಿಡಿದು ವಾಪಸು ಕೊಟ್ಟು, "ಈವಯ್ಯಂಗೆ ಒತ್ತಾರೆ ಎದ್ದು ಮಾಡಕ್ಕೆ ಕೆಲ್ಸ ಏನೂ ಇಲ್ವಾ?" ಅಂದಳು. ಒಮ್ಮೆ ನಾನೇ ಹಳಗನ್ನಡ ಕಾವ್ಯದ ದೊಡ್ಡ ಆವೃತ್ತಿಯೊಂದನ್ನು ತಂದುಕೊಟ್ಟೆ. ಪುಟದ ಮೇಲ್ಗಡೆ ನಾಲ್ಕು ಸಾಲು ಪದ್ಯ, ಕೆಳಗೆಲ್ಲ ಇರುವೆ ಸಾಲಿನಂಥ ಸಣ್ಣ ಅಕ್ಷರದಲ್ಲಿ ಪಾಠಾಂತರ, ಟಿಪ್ಪಣಿ, ಆ ಪಂಡಿತರ ಮತ, ಈ ಪಂಡಿತರ ಖಂಡನೆ. ದೊಡ್ಡವ್ವ ಕನ್ನಡಕವನ್ನು ಹಣೆಗೆ ಏರಿಸಿ ನನ್ನನ್ನು ನೋಡಿದಳು.

"ಗದ್ದೆಗಿಂತ ಬದ ದೊಡ್ದು ಮಾಡವ್ರಲ್ಲ ಮಗಾ, ಬೆಳೆ ಎಲ್ ಬೆಳೀತಾರೆ?"

ಆ ಆವೃತ್ತಿಯ ಬಗ್ಗೆ ದೊಡ್ಡ ದೊಡ್ಡವರು ಬರೆದ ವಿಮರ್ಶೆಗಳನ್ನು ನಾನು ಆಮೇಲೆ ಓದಿದ್ದೇನೆ. ಒಬ್ಬರೂ ಇಷ್ಟು ಸರಿಯಾಗಿ ಹೇಳಿಲ್ಲ. ಆದರೂ ಒಂದು ವಾರ ಆ ಪುಸ್ತಕವನ್ನು ಇಟ್ಟುಕೊಂಡು, ಬದ ಬಿಟ್ಟು ಗದ್ದೆಯನ್ನಷ್ಟೇ ಗಟ್ಟಿಯಾಗಿ ಓದಿಕೊಂಡಳು. ಎಲ್ಲೋ ಒಂದು ಕಡೆ ಕೈ ನಿಂತಿತ್ತು ಅಂತ ಕಾಣುತ್ತದೆ, ಹೇಳಲಿಲ್ಲ.

ಅವಳೂ ಪದ ಕಟ್ಟುತ್ತಿದ್ದಳು. ಕವಿತೆ ಅನ್ನುವ ಮಾತು ಅವಳ ಬಾಯಲ್ಲಿ ಬರುತ್ತಿರಲಿಲ್ಲ, ಹಾಡು ಅನ್ನುವುದೂ ಇಲ್ಲ. ಅವಳ ಕಡೆಯ ಹೆಂಗಸರಿಗೆ ಅದು ಯಾವತ್ತೂ "ಪದ". ಪದ ಹೇಳುವುದು, ಪದ ಕಟ್ಟುವುದು. ಈ ಒಂದು ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಹಾಸನದ ಆ ಮೇಷ್ಟ್ರಿಗೆ ಇಷ್ಟು ಗೊತ್ತಿದ್ದಿದ್ದರೆ ಸಾಕಾಗಿತ್ತು.

ಮೇಷ್ಟ್ರು ಕಾಲೇಜಿನಲ್ಲಿ ಕನ್ನಡ ಹೇಳುತ್ತಿದ್ದವರು. ಹಾಸನದಲ್ಲಿ ಓದುಗರದೊಂದು ಬಳಗ ಕಟ್ಟಿಕೊಂಡು, ತಿಂಗಳಿಗೊಂದು ಸಭೆ, ಸಭೆಗೊಂದು ಶಾಲು ಅಂತ ಸಾಹಿತ್ಯಸೇವೆ ನಡೆಸುತ್ತಿದ್ದರು. ಹುಟ್ಟಿದ್ದು ಅರಕಲಗೂಡಿನ ಹತ್ತಿರದ ಹಳ್ಳಿ. ನಮ್ಮ ಕಡೆಯವರ ನಾಲಿಗೆಗೆ ಹಕಾರ ಹತ್ತುವುದಿಲ್ಲವೆಂದು ಎಲ್ಲರಿಗೂ ಗೊತ್ತು. ಹಾಲು ಆಲಾಗುತ್ತದೆ, ಹಗ್ಗ ಅಗ್ಗವಾಗುತ್ತದೆ, ಹಾಸನವೇ ಆಸನವಾಗುತ್ತದೆ. ಅದರಿಂದ ಯಾರ ಮನೆಯೂ ಮುಳುಗಿಲ್ಲ. ಆದರೆ ಮೇಷ್ಟ್ರನ್ನು ಮೈಸೂರಿನಲ್ಲಿ ಓದುವಾಗ ಯಾರೋ ಇದಕ್ಕೆ ಆಡಿಕೊಂಡು ನಕ್ಕಿದ್ದರಂತೆ. ಅಲ್ಲಿಂದ ಮುಂದೆ ಬಿದ್ದುಹೋದ ಹಕಾರಗಳನ್ನೆಲ್ಲ ಹೆಕ್ಕಿ ಹೆಕ್ಕಿ ಮತ್ತೆ ಜೋಡಿಸುವುದೇ ಅವರ ಜೀವನದ ಕೆಲಸವಾಯಿತು. ಜೋಡಿಸುವ ಭರದಲ್ಲಿ ಇಲ್ಲದ ಕಡೆಯೂ ಜೋಡಿಸುತ್ತಿದ್ದರು. ಒಂದು ಸಮಾರಂಭದಲ್ಲಿ ಎದ್ದು ನಿಂತು, ತುಂಬಿದ ಸಭೆಯಲ್ಲಿ, "ಹಾದರಣೀಯ ಅಧ್ಯಕ್ಷರೇ" ಅಂದುಬಿಟ್ಟರು. ಅಧ್ಯಕ್ಷರ ಹೆಂಡತಿ ಮುಂದಿನ ಸಾಲಿನಲ್ಲೇ ಕೂತಿದ್ದರು. ಹೆಂಗಸರ ಕಡೆಯಿಂದ ಕಿಸಕ್ಕನೆ ಬಂದ ನಗು ಸ್ವಾಗತ ಭಾಷಣ ಮುಗಿಯುವವರೆಗೂ ನಿಲ್ಲಲಿಲ್ಲ.

ಪುಸ್ತಕಗಳನ್ನು ಬೈಯುವ ಅಜ್ಜಿಯೊಬ್ಬಳು ಹೊಳೆನರಸೀಪುರದಲ್ಲಿ ಇದ್ದಾಳೆ ಅಂತ ಯಾರಿಂದಲೋ ಕೇಳಿ, ಗ್ರಾಮೀಣ ಪ್ರತಿಭೆಯನ್ನು ಹುಡುಕಿಕೊಂಡು ಮೇಷ್ಟ್ರು ಅವಳ ಜಗಲಿಗೆ ಬಂದರು. ನಾನು ಆ ಹೊತ್ತು ಲೈಬ್ರರಿಯಲ್ಲಿದ್ದೆ. ದೊಡ್ಡವ್ವ ಅವರೆಕಾಯಿ ಸುಲಿಯುತ್ತ ತನ್ನ ಪದಗಳನ್ನು ಹೇಳಿದಳಂತೆ, ಮೇಷ್ಟ್ರು ಬರೆದುಕೊಂಡರಂತೆ. ಹಾಗೆ ನಾಲ್ಕಾರು ಸಲ ಬಂದರು. ಬಂದಾಗಲೆಲ್ಲ ಕಾಫಿ ಕುಡಿದರು, ಸುಲಿದ ಅವರೆಕಾಳನ್ನೂ ಕಟ್ಟಿಸಿಕೊಂಡು ಹೋದರು. ಕೊನೆಗೆ ಒಂದು ದಿನ ಪುಸ್ತಕ ಅಚ್ಚಾಗಿದೆ, ಹಾಸನದಲ್ಲಿ ಬಿಡುಗಡೆ ಅಂತ ಫೋನು ಬಂತು. ಅಚ್ಚಿಗೆ ಹೋಗುವ ಮೊದಲು ಅವಳಿಗೊಮ್ಮೆ ತೋರಿಸಬೇಕು ಅನ್ನುವ ಯೋಚನೆ ಆ ಮಹಾನುಭಾವರಿಗೆ ಬರಲಿಲ್ಲ. ಹೇಳಿದ್ದು ಅಜ್ಜಿ, ಕೇಳಿದ್ದು ತಾವು, ಇನ್ನು ತಪ್ಪೆಲ್ಲಿ ಬರಬೇಕು?

ಬಿಡುಗಡೆಗೆ ನಾನೇ ಕರೆದುಕೊಂಡು ಹೋದೆ. ಹೊಸ ಸೀರೆ ಉಟ್ಟು, ಎಂದೂ ಇಲ್ಲದ ಹಾಗೆ ಬಸ್ಸಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದಳು. ವೇದಿಕೆಯ ಮೇಲೆ ಅವಳಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಕೈಗೆ ಪುಸ್ತಕ ಇಟ್ಟರು. ಹೆಸರು "ಬೇಲಿ ಹಾರಿದ ಹಾಡು". ದೊಡ್ಡವ್ವ ಎಲ್ಲರ ಎದುರಿಗೇ ಕನ್ನಡಕ ಏರಿಸಿಕೊಂಡು ಮೊದಲ ಪುಟದ ಪದ ಓದಿದಳು.

ಬೇಲಿ ಹಾರಿತು ನನ್ನ ಹಾಡು
ಹಗ್ಗ ಉಳಿಯಿತು ಕೈಯಲಿ
ತೊಟ್ಟಿಲಲ್ಲಿ ಬಾಯಿ ಒಣಗಿತು
ಹೊತ್ತು ಮುಳುಗಿತು ಹೊಳೆಯಲಿ

ಅವಳ ಮುಖ ಬದಲಾದದ್ದು ನನಗೆ ಕೆಳಗಿನಿಂದಲೇ ಕಂಡಿತು. ಪಕ್ಕದಲ್ಲಿದ್ದ ಮೇಷ್ಟ್ರ ಕಡೆ ತಿರುಗಿ ಕೇಳಿದಳು. ಮೈಕು ಹತ್ತಿರವಿತ್ತು, ಸಭೆಗೆಲ್ಲ ಕೇಳಿಸಿತು.

"ಮೇಷ್ಟ್ರೇ, ನನ್ ಆಡು ಎಲ್ಲಿ?"

ಮೇಷ್ಟ್ರು ಮೈಕನ್ನು ಕಿತ್ತುಕೊಂಡರು. "ಕೇಳಿದಿರಾ ಸಹೃದಯರೇ! ನನ್ನ ಹಾಡು ಎಲ್ಲಿ ಅಂತ ಕೇಳುತ್ತಿದ್ದಾರೆ! ಇದು ಒಬ್ಬ ತಾಯಿಯ ಪ್ರಶ್ನೆಯಲ್ಲ, ಇಡೀ ಹೆಣ್ಣುಕುಲದ ಪ್ರಶ್ನೆ!"

ಸಭಾಂಗಣ ಬಿದ್ದುಹೋಗುವ ಹಾಗೆ ಚಪ್ಪಾಳೆ. ಮುಂದಿನ ಸಾಲಿನಲ್ಲಿ ಒಬ್ಬಾಕೆ ಕಣ್ಣೊರೆಸಿಕೊಂಡಳು. ದೊಡ್ಡವ್ವ ಬಾಯಿ ತೆರೆದಳು, ಅಷ್ಟರಲ್ಲಿ ಮೈಕು ಮುಂದಿನ ಭಾಷಣಕಾರರ ಕೈಗೆ ಹೋಗಿತ್ತು. ಆಮೇಲೆ ಅವಳು ಶಾಲಿನೊಳಗೆ ಮುದುರಿಕೊಂಡು ಕೂತಳು.

ವಾಪಸು ಬರುವ ಬಸ್ಸಿನಲ್ಲಿ ಹಣ್ಣಿನ ಬುಟ್ಟಿಯನ್ನು ಕಾಲ ಹತ್ತಿರ ಇಟ್ಟುಕೊಂಡು ಕೂತವಳು ಮೊಸಳೆ ಅನ್ನುವ ಊರಿನ ಗೇಟು ದಾಟುವವರೆಗೂ ಆ ಪುಟವನ್ನೇ ಮತ್ತೆ ಮತ್ತೆ ತೆಗೆದು ನೋಡುತ್ತಿದ್ದಳು. ಆಮೇಲೆ ಇದ್ದಕ್ಕಿದ್ದ ಹಾಗೆ ಹೇಳತೊಡಗಿದಳು. ಮೊದಲ ಹೆರಿಗೆ ಆದಾಗ ಅವಳಿಗೆ ಜ್ವರ ಬಂದು ಎದೆಹಾಲು ಬತ್ತಿಹೋಗಿತ್ತಂತೆ. ಹುಟ್ಟಿದ್ದು ಹೆಣ್ಣುಕೂಸು. ಮನೆಯಲ್ಲಿದ್ದ ಒಂದು ಆಡಿನ ಹಾಲೇ ಕೂಸಿಗೆ ಗತಿ. ಹಸುವಿನ ಹಾಲು ಕೊಟ್ಟರೆ ಕಕ್ಕುತ್ತಿತ್ತು, ಇದು ಮಾತ್ರ ಒಗ್ಗಿತ್ತು. ಒಂದು ಮಧ್ಯಾಹ್ನ ಅವಳೇ ಮೇಯಿಸಲು ಹೊಡೆದುಕೊಂಡು ಹೋಗಿದ್ದಳು. ಆಡು ಕೊಸರಿಕೊಂಡು ಬೇಲಿ ಹಾರಿತು, ಹಗ್ಗ ಕೈಯಲ್ಲೇ ಉಳಿಯಿತು. ಹೊಳೆಯ ದಂಡೆ ಹಿಡಿದು ಹೊತ್ತು ಮುಳುಗುವವರೆಗೂ ಕೂಗುತ್ತ ಅಲೆದಳು. ಸಿಗಲಿಲ್ಲ. ಮರುದಿನವೂ ಸಿಗಲಿಲ್ಲ. ಕೂಸಿಗೆ ಗಂಜಿ ತಿಳಿ ಕೊಟ್ಟರು, ಸಕ್ಕರೆ ನೀರು ಕೊಟ್ಟರು, ಭೇದಿ ಹಿಡಿಯಿತು...

"ಮನೆ ದ್ಯಾವ್ರ ತವ ಓಗಿ ಕೂಸ್ಗೆ ಎಸ್ರು ಇಕ್ಕುವಾ ಅಂತಿದ್ರು ಕಣ್ ಮಗಾ" ಅಂದಳು. ಅಷ್ಟೇ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು, ಅವಳು ಅಳಲಿಲ್ಲ. ಕಿಟಕಿಯಾಚೆ ಏನನ್ನೋ ನೋಡುತ್ತ ಆ ಪದವನ್ನು ಅವಳದ್ದೇ ಬಾಯಿಯಲ್ಲಿ ಒಂದು ಸಲ ಹೇಳಿದಳು.

ಬೇಲಿ ಆರ್ತು ನನ್ನ ಆಡು
ಅಗ್ಗ ಉಳೀತು ಕೈಲಿ
ತೊಟ್ಲಲ್ಲಿ ಬಾಯಿ ಒಣಗ್ತು
ಒತ್ತು ಮುಳುಗ್ತು ಒಳೇಲಿ

ಮೇಷ್ಟ್ರು ಹಾರಿತು ಅಂತ ಸರಿಮಾಡಿದ್ದರು, ಸರಿ. ಹಗ್ಗವನ್ನು ಸರಿಮಾಡಿದ್ದರು, ಹೊತ್ತನ್ನು, ಹೊಳೆಯನ್ನು ಎಲ್ಲ ಸರಿಮಾಡಿದ್ದರು. ಆ ಸಡಗರದಲ್ಲಿ ಆಡಿಗೂ ಒಂದು ಹಕಾರ ಅಂಟಿಸಿ ಹಾಡು ಮಾಡಿ ಕೂರಿಸಿದ್ದರು. ಬೇರೆ ಸೀಮೆಯವನಾಗಿದ್ದರೆ ಆಡು ಅಂದರೆ ಆಡು ಅಂತಲೇ ಬರೆದುಕೊಳ್ಳುತ್ತಿದ್ದ. ಈ ತಪ್ಪು ಮಾಡಲು ನಮ್ಮ ಸೀಮೆಯಲ್ಲೇ ಹುಟ್ಟಿ, ನಮ್ಮ ಮಾತಿಗೆ ನಾಚಿಕೊಂಡು, ಮೇಲೆ ಕನ್ನಡದಲ್ಲೇ ಎಂ.ಎ. ಮಾಡಿರಬೇಕು.

ಅಚ್ಚಿನ ತಪ್ಪು, ಹೇಳಿದರೆ ತಿದ್ದುತ್ತಾರೆ ಅಂತ ಅವಳನ್ನು ಕರೆದುಕೊಂಡು ಇನ್ನೊಂದು ದಿನ ಹಾಸನದ ಅವರ ಮನೆಗೆ ಹೋದೆ. ಮೇಷ್ಟ್ರು ಎಲ್ಲವನ್ನೂ ತಲೆಯಾಡಿಸುತ್ತ ಕೇಳಿದರು. ಅರ್ಥವಾಯಿತು, ಖಂಡಿತ ಅರ್ಥವಾಯಿತು. ಮುಖ ಒಂದು ಗಳಿಗೆ ಸುಟ್ಟ ಬದನೆಕಾಯಿಯಂತಾಯಿತು. ಆದರೆ ಆ ಹೊತ್ತಿಗಾಗಲೇ ಅವರ ಬಳಗದ ವಾಟ್ಸಪ್ ಗುಂಪಿನಲ್ಲಿ ಓದುಗರ ಅಭಿಪ್ರಾಯಗಳು ಹರಿದು ಬರತೊಡಗಿದ್ದವು. ಫೋನು ತೆಗೆದು ಒಂದೊಂದನ್ನೇ ಓದಿ ಹೇಳಿದರು.

ಚನ್ನರಾಯಪಟ್ಟಣದ ವಕೀಲರೊಬ್ಬರ ಪ್ರಕಾರ ಬೇಲಿ ಅಂದರೆ ಗಂಡಸರ ಸಮಾಜ, ಕೈಯಲ್ಲಿ ಉಳಿದ ಹಗ್ಗ ಅಂದರೆ ತಾಳಿ. ಅರಕಲಗೂಡಿನ ನಿವೃತ್ತ ಇಂಜಿನಿಯರ್ ಒಬ್ಬರು ಇನ್ನೂ ಆಳಕ್ಕೆ ಇಳಿದಿದ್ದರು. ತೊಟ್ಟಿಲು ಅಂದರೆ ನಮ್ಮ ಪರಂಪರೆ, ಅದರಲ್ಲಿ ಒಣಗಿದ ಬಾಯಿ ಅಂದರೆ ಇವತ್ತಿನ ಕನ್ನಡ ಕಾವ್ಯ. ಹಾಸನದ ಬ್ಯಾಂಕಿನ ಅಮ್ಮಣ್ಣಿಯೊಬ್ಬಳು ಕಾಫಿ ಕಪ್ಪಿನ ಪಕ್ಕ ಪುಸ್ತಕ ಇಟ್ಟು ಫೋಟೊ ಹಾಕಿ, ಒಂದೇ ಪಟ್ಟಿಗೆ ಓದಿ ಮುಗಿಸಿದೆ, ಮನಸ್ಸು ಹಗುರಾಯಿತು ಅಂತ ಬರೆದಿದ್ದಳು. ಹಗುರಾಯಿತಂತೆ! ಇನ್ನೊಬ್ಬ ಪುಣ್ಯಾತ್ಮ ಕಾಗದ ಚೆನ್ನಾಗಿದೆ, ಕೊರಿಯರ್ ಬೇಗ ಬಂತು ಅಂತಷ್ಟೇ ಬರೆದು ನಾಲ್ಕು ನಕ್ಷತ್ರ ಕೊಟ್ಟಿದ್ದ. ನನಗೆ ಆ ಗುಂಪಿನಲ್ಲಿ ಪ್ರಾಮಾಣಿಕ ಅನಿಸಿದವನು ಅವನೊಬ್ಬನೇ.

"ನೋಡಿದಿರಾಮ್ಮ?" ಅಂದರು ಮೇಷ್ಟ್ರು. "ಜನ ಹಾಡು ಅಂತಲೇ ಒಪ್ಪಿಕೊಂಡಿದ್ದಾರೆ. ಈಗ ಹೋಗಿ ಅದು ಮೇಕೆ ಅಂದರೆ ಕವಿತೆ ಬಿದ್ದುಹೋಗುತ್ತೆ. ಪುಸ್ತಕ ಹೊರಗೆ ಬಂದ ಮೇಲೆ ಅದು ನಮ್ಮದಲ್ಲಮ್ಮ, ಓದುಗರದ್ದು."

"ಓದುಗರದ್ದಾ?" ಅಂದಳು ದೊಡ್ಡವ್ವ. "ಓದುಗ್ರು ಎತ್ತಿದ್ರಾ?"

ಮೇಷ್ಟ್ರಿಗೆ ಅದು ಹೆತ್ತಿದ್ದರಾ ಅಂತ ತಿಳಿಯಲು ಒಂದು ಕ್ಷಣ ಬೇಕಾಯಿತು. ತಿಳಿದ ಮೇಲೆ ಫೋನು ಕೆಳಗಿಟ್ಟರು. ಅವಳು ಬಿಡಲಿಲ್ಲ. ಧ್ವನಿ ಏರಿಸಲೂ ಇಲ್ಲ. ಊದಿದ ಗೆಣ್ಣಿನ ಬೆರಳನ್ನು ಆ ಪುಟದ ಮೂರನೆಯ ಸಾಲಿನ ಮೇಲೆ ಇಟ್ಟಳು.

"ಪದ ಬೇಲಿ ಆರ್ದ್ರೆ ಕೂಸು ಸಾಯ್ತದಾ ಮೇಷ್ಟ್ರೇ?"

ಮೇಷ್ಟ್ರು ತಲೆ ತಗ್ಗಿಸಿದರು. ಆಮೇಲೆ, ಅಷ್ಟು ವರ್ಷ ಜೋಪಾನ ಮಾಡಿಕೊಂಡು ಬಂದ ನಾಲಿಗೆ ಜಾರಿ, "ಓಗ್ಲಿ ಬುಡವ್ವ... ಮುಂದಿನ್ ಆವೃತ್ತೀಲಿ ನೋಡುವಾ" ಅಂದರು. ಅರಕಲಗೂಡಿನ ಮಾತು ಅವರ ಬಾಯಲ್ಲಿ ನಾನು ಕೇಳಿದ್ದು ಅದೊಂದೇ ಸಲ. ನಮ್ಮ ಹಾಗೇ ಮಾತಾಡಿದ ಆ ಒಂದು ಗಳಿಗೆ ಅವರು ಮನುಷ್ಯರ ಹಾಗೆ ಕಂಡರು. ಅಲ್ಲಿಗೆ ಮುಗಿಯಿತು, ಒಳಗಿನಿಂದ ಕಾಫಿ ಬಂತು.

ಮುಂದಿನ ಆವೃತ್ತಿ ಅನ್ನುವ ಮಾತನ್ನು ದೊಡ್ಡವ್ವ ಗಂಟು ಹಾಕಿ ಇಟ್ಟುಕೊಂಡಳು. ಆ ಕಡೆ ಓದುಗರ ಹುಚ್ಚು ಏರುತ್ತಲೇ ಹೋಯಿತು. ಬಳಗದವರೆಲ್ಲ ವ್ಯಾನು ಮಾಡಿಕೊಂಡು ದೊಡ್ಡಗದ್ದವಳ್ಳಿಗೆ ಹೋಗಿ, ಗುಡಿಯ ಮುಂದೆ ಸಾಲಾಗಿ ನಿಂತು, ಎದೆಗೆ ಪುಸ್ತಕ ಒತ್ತಿಕೊಂಡು ಫೋಟೊ ಹೊಡೆಸಿಕೊಂಡರು. ಯಾರೋ ಆ ನಾಲ್ಕು ಸಾಲಿಗೆ ರಾಗ ಹಾಕಿ, ಕೀಬೋರ್ಡು ಬಡಿದು, ಹಾಡೇ ಮಾಡಿಬಿಟ್ಟರು. ಅದನ್ನು ನಾನು ಮೊಬೈಲಿನಲ್ಲಿ ಕೇಳಿಸಿದಾಗ ದೊಡ್ಡವ್ವ ಅಕ್ಕಿ ಆರಿಸುತ್ತಿದ್ದಳು. "ತೊಟ್ಟಿಲಲ್ಲಿ ಬಾಯಿ ಒಣಗಿತು" ಅನ್ನುವಲ್ಲಿ ಕೊಳಲು ಬರುತ್ತದೆ, ಕೋರಸ್ಸು ಬರುತ್ತದೆ. ಅವಳು ಒಂದು ಕಲ್ಲು ಹೆಕ್ಕಿ ಬೀದಿಗೆ ಎಸೆದು, "ಆರಿಸು ಅದ್ನ" ಅಂದಳು.

ಅಭಿಪ್ರಾಯಗಳನ್ನು ಮಾತ್ರ ಓದಿಸಿಕೊಳ್ಳುತ್ತಿದ್ದಳು. ಬೈಯುವುದಕ್ಕೆ ಅವಳಿಗೆ ದಿನಕ್ಕೊಂದು ಬೇಕಿತ್ತು ಅಂದುಕೊಂಡಿದ್ದೆ. ಆಮೇಲೆ ಅನಿಸಿದೆ, ಒಬ್ಬರಾದರೂ ತೊಟ್ಟಿಲಿನ ಹತ್ತಿರ ಬಂದು ನಿಲ್ಲುತ್ತಾರಾ ಅಂತ ಕಾಯುತ್ತಿದ್ದಳೋ ಏನೋ. ಹಾಡು ಅಂತಲೇ ಓದಿಕೊಳ್ಳಲಿ, ಹಾಳಾಗಿ ಹೋಗಲಿ. ತೊಟ್ಟಿಲು ಅಂತ ಬರೆದಿದೆಯಲ್ಲ, ಅಲ್ಲಿಗೇನೂ ಹಕಾರ ಅಂಟಿಸಿಲ್ಲವಲ್ಲ. ತೊಟ್ಟಿಲಲ್ಲಿ ಕೂಸಿರುತ್ತದೆ ಅಂತ ತಿಳಿಯಲು ಎಷ್ಟು ಓದಿರಬೇಕು? ಪರಂಪರೆ ಕಂಡಿತು, ಸಂಸ್ಕೃತಿ ಕಂಡಿತು, ಕನ್ನಡದ ಭವಿಷ್ಯ ಕಂಡಿತು. ಕೂಸು ಒಬ್ಬರ ಕಣ್ಣಿಗೂ ಬೀಳಲಿಲ್ಲ.

ಹೋದ ವರ್ಷ ಅವರೆ ಸುಗ್ಗಿಯ ಹೊತ್ತಿಗೆ ದೊಡ್ಡವ್ವ ಹಾಸಿಗೆ ಹಿಡಿದಳು. ನೋಡಲು ಹೋದಾಗ ಕಣ್ಣು ಮುಚ್ಚಿಕೊಂಡೇ ಇದ್ದಳು. ನನ್ನ ದನಿ ಕೇಳಿ ಕೈ ಹಿಡಿದು, "ಆಡು ಬಂತಾ ಮಗಾ?" ಅಂದಳು. ಮಗ ಗಾಬರಿಯಾಗಿ, "ಅವ್ವೋ, ನಮ್ಮನೇಲಿ ಆಡೆಲ್ಲೈತವ್ವ?" ಅಂದ. ಸೊಸೆ ನನ್ನ ಕಡೆ ನೋಡಿ, ಮಾತು ಹಿಡಿತಕ್ಕಿಲ್ಲ ಅನ್ನುವ ಹಾಗೆ ಸನ್ನೆ ಮಾಡಿದಳು. ಅವಳು ಕೇಳಿದ್ದು ಪುಸ್ತಕದ ಮಾತೋ, ಹೊಳೆ ದಂಡೆಯ ಮಾತೋ ನನಗೂ ಗೊತ್ತಾಗಲಿಲ್ಲ. "ಬರ್ತದೆ ದೊಡ್ಡವ್ವ" ಅಂದೆ. ಮತ್ತೇನು ಹೇಳಲಿ... ಆ ವಾರವೇ ಹೋದಳು.

ಅವಳು ಹೋದದ್ದೇ ತಡ, ಆ ತೆಳ್ಳನೆಯ ಪುಸ್ತಕ ಶ್ರೇಷ್ಠ ಕೃತಿಯಾಗಿಬಿಟ್ಟಿತು. ನಮ್ಮಲ್ಲಿ ಶ್ರೇಷ್ಠವಾಗಲು ಸಾಯುವುದೊಂದು ಬಾಕಿ ಇರುತ್ತದೆ. ದಪ್ಪ ರಟ್ಟು, ಹೊಳೆಯುವ ಜಾಕೆಟ್ಟು, ಮೇಷ್ಟ್ರದೇ ಉದ್ದನೆಯ ಪ್ರಸ್ತಾವನೆ, ಪದಗಳಿಗೆಲ್ಲ ಟಿಪ್ಪಣಿ, ಹಿಂಭಾಗದಲ್ಲಿ ಆರಿಸಿದ ಓದುಗರ ಅಭಿಪ್ರಾಯಗಳು. ತಾಳಿಯ ವಕೀಲರೂ ಇದ್ದಾರೆ, ಹಗುರಾದ ಅಮ್ಮಣ್ಣಿಯೂ ಇದ್ದಾಳೆ. ಅಭಿಪ್ರಾಯಗಳು ಪದಗಳಿಗಿಂತ ದಪ್ಪ. ಅಂಚೆಯಲ್ಲಿ ನನಗೊಂದು ಪ್ರತಿ ಬಂತು. ಒಡೆದಾಗ ಹೊಸ ಅಂಟಿನ ವಾಸನೆ ಮೂಗಿಗೆ ಬಡಿಯಿತು. ಆ ಪುಟ ತೆಗೆದು ನೋಡಿದೆ. ಮೇಲೆ ಅದೇ "ನನ್ನ ಹಾಡು". ಪಕ್ಕದಲ್ಲಿ ಒಂದು ಸಣ್ಣ ಚಿಕ್ಕೆ ಗುರುತು. ಪುಟದ ಬುಡದಲ್ಲಿ, ಇರುವೆ ಸಾಲಿನ ಅಕ್ಷರದಲ್ಲಿ, ಹೀಗಿತ್ತು:

"ಪಾಠಾಂತರ: ಆಡು. ಕವಯಿತ್ರಿಯ ಗ್ರಾಮ್ಯ ಉಚ್ಚಾರಣೆ. ಅರ್ಥ, ಹಾಡು."

ಮೇಷ್ಟ್ರು ಮಾತು ಉಳಿಸಿಕೊಂಡಿದ್ದರು ನೋಡಿ. ಮುಂದಿನ ಆವೃತ್ತಿಯಲ್ಲಿ ಆಡನ್ನು ತಂದಿದ್ದರು, ತಂದು ಬದಕ್ಕೆ ಕಟ್ಟಿದ್ದರು. ಅದೂ ಆಡಲ್ಲ ಅಂತ ಹೇಳಿ ಕಟ್ಟಿದ್ದರು. ಅವರಿಗೆ ನಿಜ ಗೊತ್ತಿತ್ತು. ಅವರ ಎದುರಿಗೇ ಅವಳು ಬೆರಳಿಟ್ಟು ಕೇಳಿದ್ದಳು. ನನಗೆ ಸಿಟ್ಟು ಬಂತು. ಪೆನ್ನು ತೆಗೆದುಕೊಂಡು ಹಕಾರವನ್ನು ಹೊಡೆದುಹಾಕೋಣ ಅಂತ ಹೊರಟೆ. 'ಹಾ' ಹೊಡೆದರೆ 'ಆ' ಎಲ್ಲಿ ಉಳಿಯುತ್ತದೆ, ಬರೀ 'ಡು' ಉಳಿಯಿತು. ಪುಟ ಗಲೀಜಾಯಿತು.

ಬಸ್ಸಿನಲ್ಲಿ ಮರಿ ಮೂಲೆ ಕಚ್ಚಿದ್ದು ಅದೇ ಪ್ರತಿಯನ್ನು. ಹಾಸನದ ಸಭಾಂಗಣಕ್ಕೆ ನಾನು ಹೋಗುವಷ್ಟರಲ್ಲಿ ಜನ ತುಂಬಿದ್ದರು. ಮೊದಲು ಆ ನಾಲ್ಕು ಸಾಲನ್ನು ಕೊಳಲಿನ ಸಮೇತ ಹಾಡಿದರು. ಆಮೇಲೆ ಓದುಗರು ಒಬ್ಬೊಬ್ಬರಾಗಿ ಎದ್ದು ಅಭಿಪ್ರಾಯ ಹೇಳಿದರು. ಒಬ್ಬನಿಗೆ ಹೊಳೆ ಅಂದರೆ ಕಾಲಪ್ರವಾಹ, ಒಬ್ಬಳಿಗೆ ಮುಳುಗಿದ ಹೊತ್ತು ಅಂದರೆ ನಮ್ಮ ಗ್ರಾಮಸಂಸ್ಕೃತಿ. ನನ್ನ ಸರದಿ ಬಂತು. ಹೊಗಳಿಕೆ ನನಗೆ ಬರುವುದಿಲ್ಲ, ದೊಡ್ಡವ್ವನ ಪಕ್ಕದ ಮನೆಯಲ್ಲಿ ಅಷ್ಟು ವರ್ಷ ಇದ್ದವಳಿಗೆ ಬಂದೀತಾದರೂ ಹೇಗೆ? ನೆಟ್ಟಗೆ ಹೇಳಿದೆ.

"ಅದು ಹಾಡಲ್ಲ, ಆಡು. ಮೇಕೆ. ಬೇಲಿ ಹಾರಿ ಹೋಯಿತು. ಅದರ ಹಾಲು ಕುಡಿಯುತ್ತಿದ್ದ ಕೂಸು ಸತ್ತುಹೋಯಿತು. ಇಷ್ಟೇ ಪದ. ಹಗ್ಗ ಅಂದರೆ ಹಗ್ಗ, ಹೊಳೆ ಅಂದರೆ ನಮ್ಮ ಹೊಳೆ."

ಮೇಷ್ಟ್ರ ಕಡೆ ನೋಡಿದೆ. ಅವರು ನನ್ನನ್ನು ನೋಡಲಿಲ್ಲ. ಮೆಲ್ಲಗೆ ಎದ್ದು ಬಂದು ಮೈಕು ಹಿಡಿದರು.

"ಹದ್ಭುತ!" ಅಂದರು. ಹೆದರಿದಾಗ ಅವರ ಹಕಾರ ಹಾಗೆ ಎಲ್ಲೆಂದರಲ್ಲಿ ನುಗ್ಗುತ್ತದೆ. "ಹಾಡನ್ನೇ ಮೇಕೆಯಾಗಿ ಕಾಣುವುದು! ಎಂಥ ಹೊಸ ಓದು! ದೊಡ್ಡ ಕೃತಿಯ ಲಕ್ಷಣವೇ ಇದು, ಒಬ್ಬೊಬ್ಬ ಓದುಗರಿಗೆ ಒಂದೊಂದು ಅರ್ಥ ಕೊಡುತ್ತದೆ."

ಚಪ್ಪಾಳೆಯೋ ಚಪ್ಪಾಳೆ. ನನಗೂ ಒಂದು ಶಾಲು ಹೊದಿಸಿದರು. ಊಟದ ಹೊತ್ತಿಗೆ ವಕೀಲರು ಹತ್ತಿರ ಬಂದು, ಮೇಕೆಯ ರೂಪಕ ತಮಗೆ ಬಹಳ ಹಿಡಿಸಿತು, ಮೇಕೆ ಅಂದರೆ ಬಲಿ, ಬಲಿ ಅಂದರೆ ಹೆಣ್ಣು, ಅದನ್ನು ಬರೆದು ಕೊಡಿ, ಮುಂದಿನ ಆವೃತ್ತಿಗೆ ಸೇರಿಸಬಹುದು ಅಂದರು. ನಾನು ಎಲೆ ಬಿಟ್ಟು ಎದ್ದು ಬಂದೆ.

ವಾಪಸು ಬರುವ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿತ್ತು. ಬೈಯಬೇಕಾದವಳು ಅಲ್ಲಿ ಇರಬೇಕಿತ್ತು... ಅವಳಿದ್ದಿದ್ದರೆ ಒಂದೇ ಮಾತಿನಲ್ಲಿ ಆ ಸಭೆಯನ್ನು ಒಗೆದು ಹರವುತ್ತಿದ್ದಳು. ನನಗೆ ಅಷ್ಟು ಬಾಯಿಲ್ಲ. ಅವಳಿಗೆ ಆಡು ಬರ್ತದೆ ಅಂದಿದ್ದೆ, ಬರಲಿಲ್ಲ. ಫೋನು ಟಿಂಗ್ ಟಿಂಗ್ ಅನ್ನುತ್ತಲೇ ಇತ್ತು. ಹೊಸ ಓದು, ವಿಶಿಷ್ಟ ನೋಟ, ಮೇಡಂಗೆ ಅಭಿನಂದನೆ, ಕೈ ಮುಗಿಯುವ ಚಿತ್ರ, ಹೂವಿನ ಚಿತ್ರ. ಮೊಸಳೆಯ ಗೇಟು ದಾಟುವವರೆಗೂ ಒಂದನ್ನೂ ಬಿಡದೆ ನೋಡಿದೆ.

ಆ ಕೂಸಿನ ಹೆಸರೇನು ಅಂತ ಒಬ್ಬರಾದರೂ ಕೇಳಿದರೆ, ಹೆಸರಿಡುವ ಮೊದಲೇ ಹೋಯಿತು ಅಂತ ಹೇಳಬೇಕೆಂದಿದ್ದೆ. ಯಾರೂ ಕೇಳಲಿಲ್ಲ.